ಎರಡನೆಯ ಲಿಫ್ಟಿನ ಶೂನ್ಯ ವರದಿ

ಸರ್ಕಾರಿ ನೌಕರನನ್ನು ಕೆಲಸದಿಂದ ತೆಗೆಯುವುದು ದೊಡ್ಡ ತಲೆನೋವಿನ ವ್ಯವಹಾರ. ವಿಚಾರಣೆ, ವಕೀಲರು, ಮೇಲ್ಮನವಿ, ಒಂದೇ ಎರಡೇ. ಆದರೆ ಅವನ ಕೈಯಿಂದ ಕೆಲಸವನ್ನು ತೆಗೆದುಬಿಡುವುದಕ್ಕೆ ಒಂದೂವರೆ ಪುಟದ ಆದೇಶ ಸಾಕು. ಟಾರ್ಚ್ ಸಾಹೇಬರ ವಿಷಯದಲ್ಲಿ ಆ ಒಂದೂವರೆ ಪುಟ ಟೈಪು ಮಾಡುವುದಕ್ಕೆ ಇಲಾಖೆಗೆ ಒಂದು ಮಧ್ಯಾಹ್ನವೂ ಹಿಡಿಯಲಿಲ್ಲ.

ಅವರು ಇಪ್ಪತ್ತೆರಡು ವರ್ಷ ಲಿಫ್ಟ್ ಇನ್‌ಸ್ಪೆಕ್ಟರಾಗಿದ್ದವರು. ಊರಿನಲ್ಲಿ ಹೊಸ ಲಿಫ್ಟು ಓಡಬೇಕಾದರೆ ಅವರ ಸಹಿ ಬೇಕಿತ್ತು. ಉಳಿದ ಇನ್‌ಸ್ಪೆಕ್ಟರುಗಳು ಒಮ್ಮೆ ಮೇಲೆ ಹೋಗಿ, ಒಮ್ಮೆ ಕೆಳಗೆ ಬಂದು, ಕಾಫಿ ಕುಡಿದು ಸಹಿ ಹಾಕುತ್ತಿದ್ದರು. ಇವರು ಹಾಗಲ್ಲ. ಅಂಗಿ ಬಿಚ್ಚಿ ಮೊಳೆಗೆ ನೇತುಹಾಕಿ, ಬನಿಯನ್ನಿನಲ್ಲೇ ಲಿಫ್ಟಿನ ಅಡಿಯ ಗುಂಡಿಗೆ ಇಳಿದು, ಅಂಗಾತ ಮಲಗಿ ಟಾರ್ಚು ಬಿಟ್ಟು ಒಂದೊಂದು ಬೋಲ್ಟನ್ನೂ ನೋಡುತ್ತಿದ್ದರು. ಕಂತ್ರಾಟುದಾರರು ಇಟ್ಟ ಹೆಸರು ಹಾಗೆ ಬಂತು. ಅವರು ಅದನ್ನು ಬೈಗುಳವೆಂದು ಇಟ್ಟರು, ಇವರು ಬಿರುದೆಂದು ತೆಗೆದುಕೊಂಡರು.

ಸರ್ಕಾರಿ ಆಸ್ಪತ್ರೆಯ ಹೊಸ ಕಟ್ಟಡದ ಉದ್ಘಾಟನೆಗೆ ಒಂಬತ್ತು ದಿನ ಇರುವಾಗ ಅವರು ಅಲ್ಲಿನ ಎರಡನೆಯ ಲಿಫ್ಟಿನ ಅಡಿಯಲ್ಲಿ ಮಲಗಿದ್ದರು. ಹಗ್ಗ ಹರಿದರೆ ಲಿಫ್ಟು ಬೀಳದಂತೆ ಹಳಿಯನ್ನು ಕಚ್ಚಿ ಹಿಡಿಯುವ ಉಕ್ಕಿನ ದವಡೆಗಳಿರುತ್ತವೆ. ಈ ಲಿಫ್ಟು ರೋಗಿಯನ್ನು ಮಂಚದ ಸಮೇತ ಹೊರಬೇಕಾದದ್ದು, ಜೊತೆಗೆ ನಾಲ್ಕು ಜನ. ಹಾಕಿದ್ದ ದವಡೆ ಮಾತ್ರ ಆರು ಜನರ ಸಣ್ಣ ಲಿಫ್ಟಿನದು. ಅಳತೆಯ ಅಂಕಿ ಕಾಣದಂತೆ ಮೇಲೆ ಬೂದು ಬಣ್ಣ ಬಳಿದಿದ್ದರು. ಸಾಹೇಬರು ಉಗುರಿನಿಂದ ಬಣ್ಣ ಕೆರೆದು ಅಂಕಿ ಓದಿ, ಮೇಲೆ ಬಂದು ಅಂಗಿ ತೊಟ್ಟು, ಸಹಿ ಹಾಕುವುದಿಲ್ಲ ಎಂದು ಬರೆದುಕೊಟ್ಟರು. ಎರಡು ದಿನ ಫೋನಿನ ಮೇಲೆ ಫೋನು. ತಲೆ ಮೇಲೆ ತಲೆ ಬಿದ್ದರೂ ಹಾಕುವುದಿಲ್ಲ ಎಂದರು. ಮೂರನೆಯ ದಿನ ಎತ್ತಂಗಡಿ. ಒಂಬತ್ತನೆಯ ದಿನ ಬೇರೊಬ್ಬರ ಸಹಿಯಲ್ಲಿ ಉದ್ಘಾಟನೆ.

ಹೊಸ ಹುದ್ದೆಯ ಹೆಸರು ಸುರಕ್ಷತಾ ಪರಾಮರ್ಶೆ ಘಟಕದ ವಿಶೇಷಾಧಿಕಾರಿ. ಹೆಸರಿನ ಉದ್ದ ನೋಡಿ ಅವರ ಹೆಂಡತಿ ಬಡ್ತಿಯೇ ಇರಬೇಕೆಂದು ಅಕ್ಕಪಕ್ಕದ ಮನೆಗಳಿಗೆ ಹೇಳಿಯೂ ಬಂದಳು. ಘಟಕವೆಂದರೆ ಮುದ್ರಣ ಉಗ್ರಾಣದ ಹಿಂದಿನ ಒಂದು ಕೋಣೆ. ಎರಡು ಮೇಜು, ಬಾಗಿಲು ಮುಚ್ಚದ ಒಂದು ಬೀರು, ಒಳಗೆ ಬರುವ ಕರೆ ಮಾತ್ರ ಬರುವ ಒಂದು ಫೋನು. ಕರೆ ಮಾಡಬೇಕೆಂದು ಯಾರಿಗೂ ಅನ್ನಿಸದಿದ್ದರಿಂದ ಅದು ಬರುತ್ತದೋ ಇಲ್ಲವೋ ಎಂಬುದು ಕೊನೆಯವರೆಗೂ ಗೊತ್ತಾಗಲಿಲ್ಲ. ಇನ್ನೊಂದು ಮೇಜಿನಲ್ಲಿ ಭೂದಾಖಲೆಯ ಕಡೆಯಿಂದ ಎತ್ತಿ ತಂದು ಹಾಕಿದ್ದ ಹಿರಿಯರೊಬ್ಬರಿದ್ದರು. ಅವರು ಬೆಳಗ್ಗೆ ಪತ್ರಿಕೆಯ ಪದಬಂಧ ತುಂಬಿ, ಮಧ್ಯಾಹ್ನ ಅದನ್ನೇ ರಬ್ಬರಿನಿಂದ ಅಳಿಸಿ ಮತ್ತೆ ತುಂಬುತ್ತಿದ್ದರು.

ಮೊದಲ ತಿಂಗಳು ಸಾಹೇಬರು ಕುದಿಯುತ್ತಿದ್ದರು. ಹತ್ತು ಗಂಟೆಗೆ ಸರಿಯಾಗಿ ಬಂದು, ಹಾಜರಿ ಪುಸ್ತಕದಲ್ಲಿ ಸಹಿ ಒತ್ತಿ, ಖಾಲಿ ಮೇಜಿನ ಮುಂದೆ ನೆಟ್ಟಗೆ ಕೂತು ಫೈಲಿಗೆ ಕಾಯುತ್ತಿದ್ದರು. ಒಂದು ಫೈಲು ಬರಲಿ, ತೋರಿಸುತ್ತೇನೆ ಎಂದು ಪದಬಂಧದವರಿಗೆ ಹೇಳುತ್ತಿದ್ದರು. ಪದಬಂಧದವರಿಗೆ ಅದು ಗೊತ್ತಿದ್ದ ಜ್ವರವೇ. ಅವರಿಗೂ ಎರಡು ತಿಂಗಳು ಬಂದಿತ್ತಂತೆ, ತಾನಾಗಿ ಇಳಿಯಿತಂತೆ. ಮನೆಯಲ್ಲಿ ಹೆಂಡತಿ ಇವತ್ತೇನು ಕೆಲಸ ಎಂದು ಕೇಳಿದರೆ ಮೊದಮೊದಲು ಏನೋ ಹೇಳುತ್ತಿದ್ದರು, ಆಮೇಲೆ ಅವಳು ಕೇಳುವುದನ್ನು ಬಿಟ್ಟಳು. ಅವಳು ಬಿಟ್ಟದ್ದು ಅವರಿಗೆ ಕೇಳಿದ್ದಕ್ಕಿಂತ ಹೆಚ್ಚು ನೋವಾಯಿತು.

ಬರುವ ಕಾಗದ ಒಂದೇ ಒಂದಿತ್ತು. ಪ್ರತಿ ತಿಂಗಳು ಐದನೆಯ ತಾರೀಕಿಗೆ ಎಲ್ಲ ಘಟಕಗಳೂ ಕೇಂದ್ರ ಕಚೇರಿಗೆ ವರದಿ ಕಳಿಸಬೇಕು. ಕೆಲಸ ಇಲ್ಲದಿದ್ದರೆ ಇಲ್ಲವೆಂದೇ ಕಳಿಸಬೇಕು. ಅದಕ್ಕೆ ಶೂನ್ಯ ವರದಿ ಎನ್ನುತ್ತಾರೆ. ಅಚ್ಚಾದ ನಮೂನೆಯಲ್ಲಿ ನಾಲ್ಕು ಕಾಲಂ: ಬಂದ ಫೈಲುಗಳು, ಪರಿಶೀಲಿಸಿದ ಲಿಫ್ಟುಗಳು, ಕಂಡುಬಂದ ದೋಷಗಳು, ಷರಾ. ಮೊದಲ ಸಲ ಸಾಹೇಬರು ಮೂರು ಕಡೆ ಶೂನ್ಯವೆಂದು ಬರೆದು, ಷರಾ ಕಾಲಮ್ಮಿನಲ್ಲಿ, ಘಟಕಕ್ಕೆ ಯಾವ ಕೆಲಸವನ್ನೂ ಕೊಟ್ಟಿರುವುದಿಲ್ಲ ಎಂದು ಸೇರಿಸಿದರು. ನಾಲ್ಕೇ ದಿನದಲ್ಲಿ ಅದು ವಾಪಸು ಬಂತು. ಶೂನ್ಯ ವರದಿಗೆ ಷರಾ ಅಗತ್ಯವಿಲ್ಲ, ಸರಿಪಡಿಸಿ ಕಳಿಸಿ ಎಂದು ಕೆಂಪು ಶಾಯಿಯಲ್ಲಿ ಬರೆದಿತ್ತು. ಸರಿಪಡಿಸಿ ಕಳಿಸಿದರು.

ಮನುಷ್ಯನನ್ನು ಮೂಲೆಯಲ್ಲಿ ಕೂರಿಸಿದರೆ ಅವನು ಮೊದಲು ಗೋಡೆಯನ್ನು ಬೈಯುತ್ತಾನೆ, ಆಮೇಲೆ ಆ ಗೋಡೆಗೆ ಸುಣ್ಣ ಬಳಿಯಲು ಶುರುಮಾಡುತ್ತಾನೆ. ಸಾಹೇಬರಿಗೆ ಆದದ್ದು ಅದೇ. ಎಂಟನೆಯ ತಿಂಗಳ ಹೊತ್ತಿಗೆ ಐದನೆಯ ತಾರೀಕು ಅವರ ಪಾಲಿಗೆ ದೊಡ್ಡ ದಿನವಾಗಿಬಿಟ್ಟಿತ್ತು. ನಾಲ್ಕನೆಯ ತಾರೀಕೇ ಪೆನ್ನಿಗೆ ಹೊಸ ಶಾಯಿ. ಮೂರು ಶೂನ್ಯಗಳನ್ನೂ ಒಂದೇ ಅಳತೆಯಲ್ಲಿ, ಒಂದೇ ಎತ್ತರದಲ್ಲಿ ಬರೆದು, ಕೆಳಗೆ ಪೂರ್ಣ ಸಹಿ. ಜವಾನನ ಕೈಗೆ ಕೊಡದೆ ತಾವೇ ಕೇಂದ್ರ ಕಚೇರಿಗೆ ನಡೆದು ಒಪ್ಪಿಸಿ ಬರುತ್ತಿದ್ದರು. ಒಮ್ಮೆ ಅಲ್ಲಿನ ಹಿರಿಯ ಗುಮಾಸ್ತ, ಇಡೀ ಇಲಾಖೆಯಲ್ಲಿ ನಿಮ್ಮ ವರದಿಯೊಂದೇ ತಾರೀಕಿಗೆ ಸರಿಯಾಗಿ ಬರುವುದು ಎಂದ. ಆ ಮಾತನ್ನು ಅವರು ಸಂಜೆ ಹೆಂಡತಿಗೆ ಎರಡು ಸಲ ಹೇಳಿದರು. ಅವಳು ಹೂಂ ಎಂದು ಒಳಗೆ ಹೋದಳು. ನನಗಂತೂ ಆ ಸಂಜೆಯನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ದವಡೆಯ ಮೇಲಿನ ಅಂಕಿಯನ್ನು ಉಗುರಲ್ಲಿ ಕೆರೆದು ಓದಿದ ಮನುಷ್ಯ ಅದು.

ಇನ್ನು ಅಕ್ಕನ ವಿಷಯ. ಸಾಹೇಬರಿಗಿಂತ ಹನ್ನೊಂದು ವರ್ಷ ದೊಡ್ಡವಳು. ಅವರಿಗೆ ಆರು ವರ್ಷವಾಗಿದ್ದಾಗ ತಾಯಿ ತೀರಿಕೊಂಡ ಮೇಲೆ ತಲೆ ಬಾಚಿ, ಅಕ್ಷರ ತಿದ್ದಿಸಿ, ಸುಳ್ಳು ಹೇಳಿದರೆ ಕಿವಿ ಹಿಂಡಿ ಬೆಳೆಸಿದವಳು ಅವಳೇ. ಅದೇ ಆಸ್ಪತ್ರೆಯಲ್ಲಿ ದಾದಿಯಾಗಿ ಸೇರಿ, ಈಗ ಹೊಸ ಕಟ್ಟಡದ ಐದನೆಯ ಮಹಡಿಯಲ್ಲಿ ಶಸ್ತ್ರಚಿಕಿತ್ಸೆಯ ವಾರ್ಡಿನ ಮುಖ್ಯ ದಾದಿ. ಈ ಕತೆ ಮುಗಿಯುವ ಹೊತ್ತಿಗೆ ನಿವೃತ್ತಿಗೆ ವರ್ಷವೂ ಉಳಿದಿರಲಿಲ್ಲ. ಎತ್ತಂಗಡಿಯಾದ ದಿನ ಸಾಹೇಬರು ನೇರವಾಗಿ ಅವಳ ಮನೆಗೆ ಹೋಗಿ, ಎರಡನೆಯ ಲಿಫ್ಟಿಗೆ ಕಾಲಿಡಬೇಡ, ನಿನ್ನ ರೋಗಿಗಳನ್ನೂ ಹತ್ತಿಸಬೇಡ ಎಂದು ಹೇಳಿದ್ದರು. ಅವಳು ಯಾಕೆ ಏನು ಎಂದು ಕೇಳಲಿಲ್ಲ. ಆಯ್ತು ಎಂದಳು.

ಅಕ್ಕ ಆಯ್ತು ಎಂದರೆ ಮುಗಿಯಿತು. ಮೊದಲನೆಯ ಲಿಫ್ಟಿಗೆ ರೋಗಿಯ ಮಂಚ ಹಿಡಿಸುವುದಿಲ್ಲ. ಉಳಿದದ್ದು ಕಟ್ಟಡದ ಹಿಂದಿನ ಇಳಿಜಾರು, ಐದು ಸುತ್ತು. ಶಸ್ತ್ರಚಿಕಿತ್ಸೆಯ ಕೋಣೆ ನೆಲಮಹಡಿಯಲ್ಲಿ. ಲಿಫ್ಟಿನಲ್ಲಿ ಒಂದು ನಿಮಿಷದ ದಾರಿ ಇಳಿಜಾರಿನಲ್ಲಿ ಹದಿನಾಲ್ಕು ನಿಮಿಷ. ಅಕ್ಕನ ವಾರ್ಡಿನ ರೋಗಿಗಳೆಲ್ಲ ಅದೇ ದಾರಿಯಲ್ಲಿ ಇಳಿದರು, ಅದೇ ದಾರಿಯಲ್ಲಿ ಹತ್ತಿದರು. ಮಂಚ ತಳ್ಳುವ ಆಳುಗಳು ಹಿಂದಿನಿಂದ ಶಾಪ ಹಾಕಿದರು. ಅಕ್ಕ ಮಂಡಿ ನೋವಿನ ಕಾಲೆಳೆದುಕೊಂಡು ತಾನೂ ಒಂದು ಕೈ ಹಚ್ಚುತ್ತಿದ್ದಳು, ಆದ್ದರಿಂದ ಎದುರಿಗೆ ಯಾರೂ ಉಸಿರೆತ್ತಲಿಲ್ಲ. ಇದು ಇಪ್ಪತ್ತು ತಿಂಗಳು ನಡೆಯಿತು. ಆಮೇಲೊಂದು ದಿನ ರೋಗಿ ತಡವಾಗಿ ಬಂದನೆಂದು ಶಸ್ತ್ರವೈದ್ಯರು ಕೈಗವಸು ಕಿತ್ತೆಸೆದು ದೂರು ಬರೆದರು. ಅಕ್ಕನಿಗೆ ನೋಟೀಸು ಬಂತು. ಲಿಫ್ಟು ಸುರಕ್ಷಿತವಲ್ಲ, ಹಾಗೆಂದು ಬಲ್ಲವರು ಹೇಳಿದ್ದಾರೆ ಎಂದು ಅವಳು ಉತ್ತರ ಕೊಟ್ಟಳು. ಬಲ್ಲವರು ಯಾರು ಎಂದು ಆಸ್ಪತ್ರೆಯ ಅಧೀಕ್ಷಕರು ಕೇಳಿದರು. ನನ್ನ ತಮ್ಮ ಎಂದಳು. ಹಾಗಾದರೆ ಮಂಗಳವಾರ ಹನ್ನೊಂದು ಗಂಟೆಗೆ ಅವರನ್ನೂ ಕರೆತನ್ನಿ ಎಂದರು.

ಭಾನುವಾರ ಅಕ್ಕ ಮನೆಗೆ ಬಂದು ವಿಷಯ ಹೇಳಿದಳು. "ನೀನು ಬಂದು ಕಂಡಿದ್ದನ್ನ ಕಂಡ ಹಾಗೆ ಹೇಳು, ಸಾಕು. ಲಿಫ್ಟ್ ರಿಪೇರಿ ಮಾಡಿಸ್ತಾರೆ, ನನ್ನ ನೋಟೀಸೂ ಹೋಗುತ್ತೆ," ಎಂದಳು. ಸಾಹೇಬರ ಮುಖ ಅಷ್ಟು ದಿನಗಳಲ್ಲಿ ಮೊದಲ ಸಲ ಅರಳಿತು. ಯಾರೋ ಅವರನ್ನು ಕೇಳುತ್ತಿದ್ದಾರೆ! ಎರಡು ದಿನ ಹಳೆಯ ಟಿಪ್ಪಣಿಗಳನ್ನು ತೆಗೆದು, ದವಡೆಯ ಚಿತ್ರ ಬರೆದು, ಅಳತೆಗಳನ್ನು ಬಾಯಿಪಾಠ ಮಾಡಿದರು. ಮಂಗಳವಾರಕ್ಕೆ ಅರ್ಧ ದಿನದ ರಜೆಯ ಅರ್ಜಿಯನ್ನೂ ಕೊಟ್ಟರು. ರಜೆ ಯಾಕೆ ಎಂದು ಪದಬಂಧದವರು ನಕ್ಕರು. ನೀವು ಇಲ್ಲದಿದ್ದರೆ ಇಲ್ಲೇನು ನಿಂತುಹೋಗುತ್ತದೆ ಎಂದು ಕೇಳಿದರು. ನಿಯಮ ನಿಯಮವೇ ಎಂದರು ಸಾಹೇಬರು.

ಅಧೀಕ್ಷಕರು ವಿಚಾರಣೆಯನ್ನು ಐದನೆಯ ಮಹಡಿಯ ದಾದಿಯರ ಕೋಣೆಯಲ್ಲೇ ಇಟ್ಟುಕೊಂಡಿದ್ದರು. ಮೆತ್ತನೆಯ ಮಾತಿನ ಮನುಷ್ಯ. ಸಾಹೇಬರಿಗೆ ಕುರ್ಚಿ ಎಳೆದುಕೊಟ್ಟು, ಅವರು ದವಡೆಯ ಬಗ್ಗೆ ಹೇಳಿದ್ದನ್ನೆಲ್ಲ ಹತ್ತು ನಿಮಿಷ ತಾಳ್ಮೆಯಿಂದ ಕೇಳಿದರು. ಚಿತ್ರವನ್ನೂ ನೋಡಿದರು. ಅಕ್ಕ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದಳು. ತಮ್ಮನ ಮಾತಿಗೆ ಅವಳ ಮುಖದಲ್ಲಿ ಹಳೆಯ ಹೆಮ್ಮೆ ಬಂದು ಕೂತಿತ್ತು. ಆಮೇಲೆ ಅಧೀಕ್ಷಕರು ಒಂದು ಫೈಲು ಬಿಚ್ಚಿದರು. ಲಿಫ್ಟಿನ ಬಗ್ಗೆ ಇಲಾಖೆಗೆ ಬರೆದು ಕೇಳಿದ್ದರಂತೆ. ಉತ್ತರದ ಜೊತೆ ಇಪ್ಪತ್ತು ಕಾಗದ ಬಂದಿದ್ದವು. ಒಂದೊಂದಾಗಿ ಮೇಜಿನ ಮೇಲೆ ಹರಡಿದರು. ಎಲ್ಲದರಲ್ಲೂ ಮೂರು ಶೂನ್ಯ, ಒಂದೇ ಅಳತೆ, ಒಂದೇ ಎತ್ತರ.

"ಇದು ನಿಮ್ಮ ಸಹಿನೇ ಅಲ್ವಾ?"

ಸಾಹೇಬರು ಮುಂದೆ ಬಾಗಿ ಒಂದು ಕಾಗದವನ್ನು ಅವರ ಕಡೆ ತಿರುಗಿಸಿದರು. "ಹೌದು. ಆದ್ರೆ ಎರಡನೇ ಕಾಲಂ ನೋಡಿ. ಪರಿಶೀಲಿಸಿದ್ದೂ ಶೂನ್ಯ. ನೋಡೇ ಇಲ್ಲ ಅಂದ್ಮೇಲೆ ದೋಷ ಎಲ್ಲಿಂದ ಕಾಣುತ್ತೆ?"

ಇಲಾಖೆ ತನ್ನ ಪತ್ರದಲ್ಲಿ ಎರಡನೆಯ ಕಾಲಂ ಎತ್ತಿಯೇ ಇರಲಿಲ್ಲ. ಸುರಕ್ಷತಾ ಪರಾಮರ್ಶೆಯ ವಿಶೇಷಾಧಿಕಾರಿಗಳ ಇಪ್ಪತ್ತು ತಿಂಗಳ ವರದಿಯಲ್ಲಿ ಯಾವ ಲಿಫ್ಟಿನಲ್ಲೂ ದೋಷ ಕಂಡುಬಂದಿರುವುದಿಲ್ಲ ಎಂದಷ್ಟೇ ಬರೆದಿತ್ತು. ಸುಳ್ಳು ಒಂದಕ್ಷರವೂ ಇರಲಿಲ್ಲ. ಅಧೀಕ್ಷಕರು ಕನ್ನಡಕ ಏರಿಸಿ ಎರಡನೆಯ ಕಾಲಂ ನೋಡಿದರು. ಸಾಹೇಬರ ಮಾತು ಸರಿ ಎಂದು ಒಪ್ಪಿದರು ಕೂಡ.

"ಯಾಕೆ ನೋಡಲಿಲ್ಲ?" ಎಂದರು.

"ನನಗೆ ಫೈಲು ಬರಲಿಲ್ಲ."

"ನೋಡಬೇಡಿ ಅಂತ ಯಾರಾದ್ರೂ ಬರೆದುಕೊಟ್ಟಿದ್ರಾ?"

ಸಾಹೇಬರು ಹುಡುಕಿದರು. ತಲೆಯೊಳಗೆ ಇಪ್ಪತ್ತು ತಿಂಗಳನ್ನು ತಿರುವಿ ಹಾಕಿ ಹುಡುಕಿದರು. ಯಾರೂ ಬರೆದಿರಲಿಲ್ಲ. ಬಾಯಲ್ಲಿಯೂ ಯಾರೂ ಹೇಳಿರಲಿಲ್ಲ. ಅಧೀಕ್ಷಕರ ಗುಮಾಸ್ತ ಅವರ ವರ್ಗಾವಣೆ ಆದೇಶದ ಪ್ರತಿಯನ್ನು ತೆಗೆದು ಎರಡನೆಯ ಪುಟವನ್ನು ಓದಿದ: ಸದರಿ ಅಧಿಕಾರಿಯು ತನಗೆ ಅಗತ್ಯವೆನಿಸಿದ ಯಾವುದೇ ಲಿಫ್ಟನ್ನು, ಯಾವುದೇ ಸಮಯದಲ್ಲಿ, ಸ್ವಯಂ ಪರಾಮರ್ಶಿಸತಕ್ಕದ್ದು. ಹುದ್ದೆಯೊಂದನ್ನು ಅವಸರದಲ್ಲಿ ಹುಟ್ಟಿಸುವಾಗ ಟೈಪು ಮಾಡಿದವನು ಪುಟ ತುಂಬಿಸಲು ಸೇರಿಸಿದ್ದ ಸಾಲು. ಸಾಹೇಬರು ಅದನ್ನು ಓದಿಯೇ ಇರಲಿಲ್ಲ. ಇಂಥ ಆದೇಶ ಬಂದಾಗ ಎಲ್ಲಿಗೆ ಎಸೆದಿದ್ದಾರೆ ಎಂಬ ಮೊದಲ ಸಾಲನ್ನಷ್ಟೇ ಎಲ್ಲರೂ ಓದುವುದು. ಲಿಫ್ಟ್ ಇನ್‌ಸ್ಪೆಕ್ಟರಾಗಿದ್ದಾಗಲೂ ಇಲ್ಲದಷ್ಟು ಅಧಿಕಾರ ಅವರ ಕೈಯಲ್ಲಿತ್ತು. ಅದನ್ನು ಇಟ್ಟುಕೊಂಡು ಅವರು ಫೈಲಿಗೆ ಕಾಯುತ್ತಾ ಕೂತಿದ್ದರು. ಉಗ್ರಾಣದ ಹಿಂದಿನಿಂದ ಈ ಆಸ್ಪತ್ರೆಗೆ ನಡೆದರೆ ಅರ್ಧ ಗಂಟೆ.

"ಈಗಲೇ ನೋಡ್ತೀನಿ," ಎಂದು ಎದ್ದು ನಿಂತರು. "ಗುಂಡಿಗೆ ಇಳಿದು ನೋಡಿ, ಮಧ್ಯಾಹ್ನದೊಳಗೆ ಬರೆದುಕೊಡ್ತೀನಿ."

ಅಧೀಕ್ಷಕರಿಗೆ ನಿಜಕ್ಕೂ ಕನಿಕರವಾಗಿತ್ತು. ಇಲಾಖೆಯ ಪತ್ರವನ್ನು ಸಾಹೇಬರ ಕಡೆ ತಿರುಗಿಸಿ ಕೊನೆಯ ಪ್ಯಾರಾದ ಮೇಲೆ ಬೆರಳಿಟ್ಟರು. ಇಪ್ಪತ್ತು ತಿಂಗಳಲ್ಲಿ ಯಾವುದೇ ದೋಷ ವರದಿಯಾಗದ ಕಾರಣ ಸದರಿ ಘಟಕವು ಅನಗತ್ಯವೆಂದು ಕಂಡುಬಂದು, ಈ ತಿಂಗಳ ಒಂದನೆಯ ತಾರೀಕಿನಿಂದ ಅದನ್ನು ರದ್ದುಗೊಳಿಸಲಾಗಿದೆ. ಅಂದು ಮೂರನೆಯ ತಾರೀಕು. ರದ್ದಾದ ಹುದ್ದೆಯಿಂದ ಅವರು ಅರ್ಧ ದಿನದ ರಜೆ ಪಡೆದು ಬಂದಿದ್ದರು.

ಉಳಿದದ್ದು ಬೇಗ ಮುಗಿಯಿತು. ಅಕ್ಕನನ್ನು ನಾಳೆಯಿಂದ ಹೊದಿಕೆಗಳ ಉಗ್ರಾಣಕ್ಕೆ ಹಾಕಲಾಗಿದೆ, ಅಲ್ಲಿ ಓಡಾಟ ಕಡಿಮೆ, ಮಂಡಿಗೂ ಒಳ್ಳೆಯದು ಎಂದು ಅಧೀಕ್ಷಕರು ಹೇಳಿದರು. ವಾರ್ಡಿನವರು ಇವತ್ತಿನಿಂದಲೇ ಎರಡನೆಯ ಲಿಫ್ಟು ಬಳಸಬೇಕು. ಅಕ್ಕ ಮೇಜಿನ ಹತ್ತಿರ ಬಂದು, ವರದಿಗಳಲ್ಲಿ ಒಂದನ್ನು ಕೈಗೆತ್ತಿಕೊಂಡು, ತಾನು ತಿದ್ದಿಸಿದ ಅಕ್ಷರಗಳನ್ನು ಒಮ್ಮೆ ನೋಡಿ ಕೆಳಗಿಟ್ಟಳು.

ಹೊರಗಿನ ಓಣಿಯಲ್ಲಿ ಆಗಲೇ ಒಬ್ಬ ರೋಗಿಯನ್ನು ಮಂಚದ ಮೇಲೆ ತಂದು ನಿಲ್ಲಿಸಿದ್ದರು. ನಡುವಯಸ್ಸಿನವನು, ಮಂಪರಿನ ಮದ್ದು ಕೊಟ್ಟಿದ್ದರು. ಆಳುಗಳಿಬ್ಬರೂ ಅಕ್ಕನ ಮುಖ ನೋಡಲಾರದೆ ಲಿಫ್ಟಿನ ಒತ್ತುಗುಂಡಿಯನ್ನೇ ನೋಡುತ್ತಿದ್ದರು. ಬಾಗಿಲು ತೆರೆಯಿತು, ಮಂಚ ಒಳಗೆ ಹೋಯಿತು. ಅಕ್ಕ ಒಂದು ಗಳಿಗೆ ನಿಂತಳು. ರೋಗಿ ಕಣ್ಣು ತೆರೆಯದೆಯೇ ಕೈ ಚಾಚಿ ಏನನ್ನೋ ತಡಕಿದ. ಅವಳು ಒಳಗೆ ಕಾಲಿಟ್ಟು ಅವನ ಕೈ ಹಿಡಿದುಕೊಂಡಳು. ಇನ್ನೊಬ್ಬರಿಗೆ ಜಾಗವಿತ್ತು. ಅಧೀಕ್ಷಕರು ಸೌಜನ್ಯದಿಂದಲೇ ಸಾಹೇಬರಿಗೆ, ನೀವೂ ಹೋಗಿ, ಐದು ಮಹಡಿ ಇಳಿಯುವುದು ಯಾಕೆ ಎಂದರು.

ಸಾಹೇಬರ ಕಾಲು ಏಳಲಿಲ್ಲ. ಅಕ್ಕ ಅವರನ್ನೇ ನೋಡುತ್ತಿದ್ದಳು. ಕರೆಯಲಿಲ್ಲ. ಬಾಗಿಲು ಮುಚ್ಚಿಕೊಂಡಿತು.

ಅವರು ಮೆಟ್ಟಿಲು ಹಿಡಿದು ಓಡಿದರು. ಐವತ್ತರ ಅಂಚಿನ ಮನುಷ್ಯ ಎರಡೆರಡು ಮೆಟ್ಟಿಲು ಹಾರಿಕೊಂಡು, ಗೋಡೆಯಾಚೆಗಿನ ಹಗ್ಗದ ಸದ್ದಿಗೆ ಕಿವಿ ಕೊಟ್ಟುಕೊಂಡು, ಎದುರು ಬಂದವರಿಗೆ ಡಿಕ್ಕಿ ಹೊಡೆಯುತ್ತಾ ಇಳಿದರು. ನೆಲಮಹಡಿಗೆ ಬಂದಾಗ ಲಿಫ್ಟು ತಣ್ಣಗೆ ನಿಂತಿತ್ತು. ಏನೂ ಆಗಿರಲಿಲ್ಲ. ಮಂಚ ಹೊರಗೆ ಬಂದಿತ್ತು. ಏದುಸಿರು ಬಿಡುತ್ತಿದ್ದ ಅವರನ್ನು ಕಂಡು ಆಳುಗಳಲ್ಲೊಬ್ಬ ಇನ್ನೊಬ್ಬನಿಗೆ ಕಣ್ಣು ಮಿಟುಕಿಸಿದ.

ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲ ಬಳಿ ಅಕ್ಕ ನಿಂತಳು. ಸಿಟ್ಟಿರಲಿಲ್ಲ, ಬಹಳ ಸುಸ್ತಾದವರ ಹಾಗೆ ಕಂಡಳು.

"ಇಪ್ಪತ್ತು ತಿಂಗಳು ಆ ಇಳಿಜಾರು ಹತ್ತಿಳಿದಿದ್ದು ನಿನ್ನ ಮಾತಿಗೆ," ಎಂದಳು. "ನೀನು ಒಂದು ದಿನ ಬಂದು ನೋಡಬಹುದಿತ್ತು."

ಅಷ್ಟೇ. ಮಂಚದ ಹಿಂದೆ ಒಳಗೆ ಹೋದಳು, ಬಾಗಿಲು ಮುಚ್ಚಿತು. ಸಾಹೇಬರು ಗೋಡೆಗೆ ಒರಗಿ ನಿಂತರು. ಅಳು ಬಂದಿತ್ತು, ಆದರೆ ಅಷ್ಟು ಜನರ ನಡುವೆ ಅಳುವುದು ಹೇಗೆ ಎಂದು ನುಂಗಿಕೊಂಡರು. ಭೇಟಿಯ ಸಮಯವಾಗಿತ್ತು. ಊಟದ ಡಬ್ಬಿ ಹಿಡಿದವರು, ಹಣ್ಣಿನ ಚೀಲದವರು ಬಂದು ಲಿಫ್ಟು ತುಂಬತೊಡಗಿದರು. ಮಗುವನ್ನು ಸೊಂಟಕ್ಕೇರಿಸಿಕೊಂಡ ಒಬ್ಬ ಹೆಂಗಸು, ಅವಳ ಅತ್ತೆ, ಊರುಗೋಲಿನ ಒಬ್ಬ ಮುದುಕ, ಇನ್ನೂ ನಾಲ್ಕಾರು ಜನ. ಒಳಗಿದ್ದ ಹೆಂಗಸು ಬಾಗಿಲಿಗೆ ಕೈ ಅಡ್ಡ ಇಟ್ಟು, ಸುಸ್ತಾದ ಈ ಹಿರಿಯರಿಗೂ ಜಾಗವಾಗಲೆಂದು ಒಂದು ಹೆಜ್ಜೆ ಹಿಂದೆ ಸರಿದಳು.

"ಬರ್ತೀರಾ, ಸರ್?"

ಹೇಳಬೇಕಾದ ಮಾತು ಅವರ ಗಂಟಲಿನವರೆಗೂ ಬಂತು. ಯಾವ ಅಧಿಕಾರದಲ್ಲಿ ಹೇಳಲಿ ಎಂಬ ಇನ್ನೊಂದು ಮಾತು ಅದರ ಹಿಂದೆಯೇ ಬಂತು.

"ಇಲ್ಲಮ್ಮ," ಎಂದರು ಸಾಹೇಬರು. "ನೀವು ಹೋಗಿ."

ಅವಳು ಕೈ ತೆಗೆದಳು. ಬಾಗಿಲು ಮುಚ್ಚಿಕೊಂಡು ಲಿಫ್ಟು ಮೇಲೆ ಹೋಯಿತು.